ಇಂಗ್ಲಿಷ್‌ನಿಂದ ಇಟಾಲಿಯನ್‌ಗೆ: 'ಲೈಕ್' ಬಂದಾಗ 'ಹಿಡಿಸು' ಅಂದುಕೊಳ್ಳಿ

ನಮ್ಮಲ್ಲಿ ಹೆಚ್ಚಿನವರು ಇಟಾಲಿಯನ್ ಕಲಿಯುವುದು ಇಂಗ್ಲಿಷ್ ಮೂಲಕವೇ. ಪುಸ್ತಕ, ಆ್ಯಪ್, ನಿಘಂಟು ಎಲ್ಲವೂ ಅದರಲ್ಲೇ ಸಿಗುತ್ತವೆ. ನಾಮಪದಗಳ ಮಟ್ಟಿಗೆ ಇದು ದೊಡ್ಡ ಅನುಕೂಲ. ಕೆಲವು ಕ್ರಿಯಾಪದಗಳಲ್ಲಿ ಮಾತ್ರ ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದ ಸೀದಾ ಹೋಗುವುದೇ ವಾಸಿ. ಈ ಟಿಪ್ಪಣಿ ಬರೆಯಲು ಕೂತಿದ್ದೇ ಅದಕ್ಕೆ. ಮೊದಲು ಸುಲಭದ್ದನ್ನು ಮುಗಿಸಿಬಿಡೋಣ.

ಇಂಗ್ಲಿಷ್ ಪದದ ಕೊನೆಯಲ್ಲಿ 'ಶನ್' ಇದ್ದರೆ ಇಟಾಲಿಯನ್‌ನಲ್ಲಿ ಸಾಮಾನ್ಯವಾಗಿ 'ತ್ಸಿಯೋನೆ'. ನೇಶನ್ ಅಂದರೆ ನತ್ಸಿಯೋನೆ, ಸ್ಟೇಶನ್ ಅಂದರೆ ಸ್ತತ್ಸಿಯೋನೆ. ಇವೆಲ್ಲ ಸ್ತ್ರೀಲಿಂಗ. ಕೊನೆಯಲ್ಲಿ 'ಟಿ' ಇದ್ದರೆ 'ತಾ': ಕ್ವಾಲಿಟಿ, ಕ್ವಲಿತಾ. ಇವೂ ಸ್ತ್ರೀಲಿಂಗ, ಬಹುವಚನದಲ್ಲೂ ರೂಪ ಬದಲಾಗುವುದಿಲ್ಲ. 'ಬಲ್' ಇದ್ದರೆ 'ಬಿಲೆ': ಪಾಸಿಬಲ್, ಪೊಸ್ಸೀಬಿಲೆ. ತಪ್ಪಿಸಿಕೊಳ್ಳುವ ಪದಗಳೂ ಇವೆ. ವೆಕೇಶನ್‌ಗೆ ವಕಾಂತ್ಸಾ ಅನ್ನುತ್ತಾರೆ.

ನೋಡಲು ಒಂದೇ ಥರ ಇದ್ದು ಅರ್ಥ ಬೇರೆ ಇರುವ ಪದಗಳನ್ನು ಬಾಯಿಪಾಠ ಮಾಡದೆ ವಿಧಿಯಿಲ್ಲ. ಕಾಮೆರಾ ಅಂದರೆ ಕೋಣೆ. ಪರೇಂತಿ ಅಂದರೆ ನೆಂಟರು, ಅಪ್ಪ ಅಮ್ಮನಿಗೆ ಜೆನಿತೋರಿ. ಲಿಬ್ರೆರೀಯಾ ಅಂದರೆ ಪುಸ್ತಕದ ಅಂಗಡಿ, ಲೈಬ್ರರಿಗೆ ಬಿಬ್ಲಿಯೊತೇಕಾ. ಇಟಲಿಯಲ್ಲಿ ಪೆಪೆರೋನಿ ಪಿಜ್ಜಾ ಕೇಳಿದರೆ ಮಾಂಸ ಬರುವುದಿಲ್ಲ, ದೊಣ್ಣೆ ಮೆಣಸಿನಕಾಯಿ ಬರುತ್ತದೆ. ಸಸ್ಯಾಹಾರಿಗಳು ಇದೊಂದನ್ನು ಮರೆಯಬೇಡಿ.

ಈಗ 'ಲೈಕ್' ವಿಷಯ. ನಿಘಂಟು ಇದಕ್ಕೆ ಪಿಯಚೇರೆ ಎಂದು ಕೊಡುತ್ತದೆ. ಇಂಗ್ಲಿಷ್‌ನಲ್ಲಿ 'ನಾನು' ಕರ್ತೃ, ಕಾಫಿ ಕರ್ಮ. ಇಟಾಲಿಯನ್‌ನಲ್ಲಿ 'ಮಿ ಪಿಯಾಚೆ ಇಲ್ ಕಫ್ಫೆ'. ಇಲ್ಲಿ ಕಾಫಿಯೇ ಕರ್ತೃ, ನಾನು ಬರೀ 'ನನಗೆ'. ಇಂಗ್ಲಿಷ್ ಪುಸ್ತಕಗಳು ಇದನ್ನು ತಲೆಕೆಳಗಾದ ವಾಕ್ಯ ಎಂದು ಉದ್ದಕ್ಕೆ ವಿವರಿಸುತ್ತವೆ. ನಮಗೆ ಅದರಲ್ಲಿ ತಲೆಕೆಳಗಾದದ್ದು ಏನೂ ಇಲ್ಲ. ನಾವು ಹುಟ್ಟಿದಾಗಿನಿಂದ 'ನನಗೆ ಕಾಫಿ ಇಷ್ಟ' ಅಂತಲೇ ಅನ್ನುವುದು, ಅಲ್ವಾ?

ಆದರೆ 'ಇಷ್ಟ' ಅರ್ಧ ದಾರಿಗೆ ಮಾತ್ರ ಸಾಕಾಗುತ್ತದೆ. ಪುಸ್ತಕ ಇಷ್ಟ, ಪುಸ್ತಕಗಳು ಇಷ್ಟ. ವಸ್ತು ಒಂದಿರಲಿ ಹತ್ತಿರಲಿ, 'ಇಷ್ಟ' ಅಲುಗಾಡುವುದಿಲ್ಲ. ಇಟಾಲಿಯನ್ ಕ್ರಿಯಾಪದ ಹಾಗಲ್ಲ. ಒಂದು ಪುಸ್ತಕಕ್ಕೆ 'ಮಿ ಪಿಯಾಚೆ', ಹಲವು ಪುಸ್ತಕಗಳಿಗೆ 'ಮಿ ಪಿಯಾಚ್ಚೊನೊ ಇ ಲಿಬ್ರಿ'. ತಪ್ಪಾಗುವುದು ಹೆಚ್ಚಾಗಿ ಇಲ್ಲೇ.

ಅದಕ್ಕೆ ನನ್ನ ಉಪಾಯ: 'ಇಷ್ಟ' ಬಿಟ್ಟು 'ಹಿಡಿಸು' ಇಟ್ಟುಕೊಳ್ಳಿ. ನನಗೆ ಆ ಪುಸ್ತಕ ಹಿಡಿಸುತ್ತದೆ, ಪಿಯಾಚೆ. ನನಗೆ ಆ ಪುಸ್ತಕಗಳು ಹಿಡಿಸುತ್ತವೆ, ಪಿಯಾಚ್ಚೊನೊ. ಕನ್ನಡ ಎಲ್ಲಿ 'ತ್ತದೆ' ಅನ್ನುತ್ತದೋ ಅಲ್ಲಿ ಮೊದಲನೆಯದು, ಎಲ್ಲಿ 'ತ್ತವೆ' ಅನ್ನುತ್ತದೋ ಅಲ್ಲಿ ಎರಡನೆಯದು. 'ಓದುವುದು ಹಿಡಿಸುತ್ತದೆ' ಅಂತ ಕೆಲಸದ ಬಗ್ಗೆ ಹೇಳುವಾಗ ಯಾವಾಗಲೂ ಏಕವಚನ. ಓದುವುದು, ಬರೆಯುವುದು ಎರಡೂ ಸೇರಿದರೂ 'ಮಿ ಪಿಯಾಚೆ' ಬದಲಾಗುವುದಿಲ್ಲ.

ಭೂತಕಾಲದಲ್ಲಿ ಈ ಉಪಾಯ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಹುಡುಗ ಹಿಡಿಸಿದ, ಹುಡುಗಿ ಹಿಡಿಸಿದಳು, ಹಾಡುಗಳು ಹಿಡಿಸಿದವು. ಹಿಡಿಸಿದ್ದು ಯಾರು, ಏನು, ಎಷ್ಟು ಎನ್ನುವುದರ ಮೇಲೆ ಕೊನೆ ಬದಲಾಗುತ್ತದೆ. ಇಟಾಲಿಯನ್‌ನಲ್ಲೂ ಹಾಗೇ. ಸಿನಿಮಾ ಪುಲ್ಲಿಂಗ: 'ಮಿ ಎ ಪಿಯಚೂತೊ ಇಲ್ ಫಿಲ್ಮ್'. ಹಾಡು ಸ್ತ್ರೀಲಿಂಗ: 'ಮಿ ಎ ಪಿಯಚೂತಾ ಲಾ ಕಂತ್ಸೋನೆ'. ಹಾಡುಗಳು: 'ಮಿ ಸೋನೊ ಪಿಯಚೂತೆ ಲೆ ಕಂತ್ಸೋನಿ'. ವ್ಯತ್ಯಾಸ ಒಂದೇ. ನಾವು ವಸ್ತುಗಳನ್ನೆಲ್ಲ ನಪುಂಸಕಲಿಂಗಕ್ಕೆ ಸೇರಿಸುತ್ತೇವೆ, ಅವರು ಗಂಡು ಹೆಣ್ಣು ಎಂದು ಹಂಚುತ್ತಾರೆ. ಹೇಳುವವರು ಗಂಡಸೋ ಹೆಂಗಸೋ ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ. ಹುಡುಗಿ ಹೇಳಿದರೂ ಸಿನಿಮಾಕ್ಕೆ 'ಪಿಯಚೂತೊ'ನೇ.

ಹೆಸರು ಬಂದರೆ ಮುಂದೆ 'ಆ' ಸೇರಿಸಿ. ನಮ್ಮ 'ಗೆ' ಹೆಸರಿನ ಹಿಂದೆ ಅಂಟುತ್ತದೆ, ಅವರದು ಮುಂದೆ ನಿಲ್ಲುತ್ತದೆ, ಅಷ್ಟೇ. ರವಿಗೆ ಟೀ ಇಷ್ಟ: 'ಆ ರವಿ ಪಿಯಾಚೆ ಇಲ್ ತೆ'. ಅವಳಿಗೆ 'ಲೆ', ನಮಗೆ 'ಚಿ', ನಿಮಗೆಲ್ಲ 'ವಿ'. ಹಿರಿಯರೊಬ್ಬರಿಗೆ ಗೌರವದಿಂದ 'ನಿಮಗೆ' ಅನ್ನುವಾಗ 'ವಿ' ಬೇಡ, 'ಲೆ' ಹಾಕಬೇಕು.

ಇದೇ ಬಳಗದ ಇನ್ನೂ ಕೆಲವು ಕೈಗೆ ಬಂದವು. 'ಮಿ ಬಾಸ್ತಾ' ಅಂದರೆ ನನಗೆ ಸಾಕು. 'ಮಿ ಸೇಂಬ್ರಾ' ಅಂದರೆ ನನಗೆ ಅನಿಸುತ್ತದೆ. 'ಮಿ ಸೆರ್ವೆ ಊನಾ ಪೆನ್ನಾ' ಅಂದರೆ ನನಗೊಂದು ಪೆನ್ನು ಬೇಕು. ಪೆನ್ನು ಎರಡಾದರೆ 'ಸೆರ್ವೊನೊ'. ಇಂಗ್ಲಿಷ್‌ನಲ್ಲಿ ಹುಡುಕಿದರೆ ಒಂದೊಂದಕ್ಕೂ ಒಂದೊಂದು ಥರದ ವಾಕ್ಯ. ಕನ್ನಡದಲ್ಲಿ ಎಲ್ಲವೂ 'ನನಗೆ' ಇಂದಲೇ ಶುರು.

ಹಾಗಂತ ಕನ್ನಡದ ಪ್ರತಿ 'ನನಗೆ'ಯೂ 'ಮಿ' ಆಗುವುದಿಲ್ಲ. ನನಗೆ ಹಸಿವಾಗಿದೆ ಅನ್ನಲು 'ಓ ಫಾಮೆ', ಅಂದರೆ ಹಸಿವು ನನ್ನ ಹತ್ತಿರ ಇದೆ ಅನ್ನುವ ಧಾಟಿ. ಬಾಯಾರಿಕೆಗೂ ಅದೇ, 'ಓ ಸೇತೆ'. ನನಗೆ ಗೊತ್ತು ಅನ್ನಲು 'ಲೊ ಸೊ', ಇಲ್ಲಿ 'ನಾನು' ಕರ್ತೃ. ಈಜು ಬರುತ್ತದೆ ಅನ್ನಲೂ ಅದೇ ಕ್ರಿಯಾಪದ: 'ಸೊ ನುವೊತಾರೆ'. ಒಬ್ಬ ಮನುಷ್ಯ ಗೊತ್ತು ಅನ್ನುವಾಗ ಮಾತ್ರ ಕ್ರಿಯಾಪದವೇ ಬೇರೆ, 'ಕೊನೋಸ್ಕೊ'. ಇವನ್ನು 'ಹಿಡಿಸು' ಪಟ್ಟಿಯ ಜೊತೆ ಕಲಸದೆ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.