ಕಕ್ಕಡದ ಮಳೆಯೂ ಲಿನಕ್ಸ್‌ನ ಜೇಬುಪುಸ್ತಕವೂ

ಕಕ್ಕಡದ ಮಳೆ ತಿಂಗಳಲ್ಲಿ ಕೊಡಗಿನ ನಾಪೋಕ್ಲು ಕಡೆ ಕರೆಂಟು ಹೇಳಿಕೇಳಿ ಹೋಗುವುದಿಲ್ಲ. ಸಿಲ್ವರ್ ಓಕ್ ಕೊಂಬೆಯೊಂದು ತಂತಿ ಮೇಲೆ ಬಿತ್ತೋ, ಮುಗಿಯಿತು. ಹಳೇ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡ ಎರಡನೇ ವಾರ, ತೋಟದ ಲೆಕ್ಕ ಬರೆಯುತ್ತಿದ್ದಾಗಲೇ ಪರದೆ ಕಪ್ಪಾಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಕರೆಂಟು ಬಂದ ಮೇಲೆ ಹೆದರುತ್ತಲೇ ಬಟನ್ ಒತ್ತಿದೆ. ಲೋಗೊ ಬಂದಾಗ ಎಸ್ಕೇಪ್ ಕೀ ತಟ್ಟಿದರೆ ಅದರ ಹಿಂದೆ ಅಡಗಿದ ಅಕ್ಷರಗಳು ಕಾಣುತ್ತವೆ: ‘ರಿಕವರಿಂಗ್ ಜರ್ನಲ್’. ಮರುಗಳಿಗೆ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು.

ಈ ಜರ್ನಲ್ ಯಾವುದು? ಒಂದು ಫೈಲ್ ಉಳಿಸಿದರೆ ಡಿಸ್ಕ್‌ನಲ್ಲಿ ಹಲವು ಕಡೆ ತಿದ್ದಬೇಕು: ಫೋಲ್ಡರಿನಲ್ಲಿ ಹೆಸರು, ಐನೋಡ್ ಎಂಬ ಫೈಲಿನ ವಿವರಚೀಟಿಯಲ್ಲಿ ವಿಳಾಸ, ಯಾವ ಜಾಗ ಖಾಲಿ ಎಂಬ ಪಟ್ಟಿ. ನಡುವೆ ಕರೆಂಟು ಹೋದರೆ ಒಂದು ಲೆಕ್ಕ ಇನ್ನೊಂದಕ್ಕೆ ತಾಳೆಯಾಗದು. ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಲಿನಕ್ಸ್‌ನ ಪದ್ಧತಿ (ಫೈಲ್ ಸಿಸ್ಟಮ್) ಎಕ್ಸ್ಟ್2 ಆಗಿದ್ದ ಕಾಲದಲ್ಲಿ ಇಡೀ ಡಿಸ್ಕನ್ನೇ ತಡಕಬೇಕಿತ್ತು. 2001ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿದ ಎಕ್ಸ್ಟ್3, 2008ರ ಎಕ್ಸ್ಟ್4 ಬೇರೆ ದಾರಿ ಹಿಡಿದವು: ತಿದ್ದುವುದನ್ನು ಮೊದಲು ಜರ್ನಲ್ ಎಂಬ ಒಂದು ಕಡೆ ಬರೆದಿಟ್ಟು, ಆಮೇಲೆ ಅದರದರ ಜಾಗಕ್ಕೆ ಏರಿಸುವುದು.

ಕಾಫಿ ಕುಯ್ಲಿನಲ್ಲಿ ತೋಟದ ರೈಟರ್ ಮಾಡುವುದೂ ಅದನ್ನೇ. ಯಾರು ಎಷ್ಟು ಕಿಲೋ ಕೊಯ್ದರೆಂದು ಮೊದಲು ಜೇಬುಪುಸ್ತಕದಲ್ಲಿ ಗೀಚಿ, ಕೊನೆಗೆ ಟಿಕ್ ಹಾಕಿ, ಆಮೇಲೆ ದೊಡ್ಡ ಪುಸ್ತಕಕ್ಕೆ ಏರಿಸುತ್ತಾರೆ. ದೊಡ್ಡ ಪುಸ್ತಕದ ಬರಹ ಅರ್ಧಕ್ಕೆ ನಿಂತರೆ ಜೇಬುಪುಸ್ತಕ ನೋಡಿ ಪೂರೈಸಿದರಾಯಿತು. ಜೇಬುಪುಸ್ತಕದಲ್ಲೇ ಟಿಕ್ ಇಲ್ಲದಿದ್ದರೆ ಆ ಗೀಚು ಲೆಕ್ಕಕ್ಕಿಲ್ಲ. ಜರ್ನಲ್‌ನಲ್ಲಿ ಆ ಟಿಕ್‌ಗೆ ‘ಕಮಿಟ್’ ಎನ್ನುತ್ತಾರೆ.

ಇದು ಲಿನಕ್ಸ್‌ಗೆ ಮಾತ್ರ ಮೀಸಲಲ್ಲ, ವಿಂಡೋಸ್‌ನ ಎನ್‌ಟಿಎಫ್‌ಎಸ್‌ ಎಂಬ ಫೈಲ್ ಸಿಸ್ಟಮ್‌ನಲ್ಲೂ ಜರ್ನಲ್ ಇದೆ. ಆದರೆ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆ ಶುರು ಮಾಡಿದ ಈ ಕರ್ನಲ್‌ನ ಮೂಲ ಬರಹ ಯಾರಿಗೂ ತೆರೆದೇ ಇದೆ. ಅದರಲ್ಲಿ ಜರ್ನಲ್ ನೋಡಿಕೊಳ್ಳುವ ‘ಜೆಬಿಡಿ2’ ಫೋಲ್ಡರಿನ ‘ರಿಕವರಿ.ಸಿ’ ಎಂಬ ಫೈಲ್ ತೆರೆದೆ. ಸಿ ಭಾಷೆ ನನಗೆ ಅಷ್ಟಕ್ಕಷ್ಟೆ. ಆದರೂ ಜರ್ನಲನ್ನು ಮೂರು ಸುತ್ತು ಓದುತ್ತದೆಂಬುದು ತಿಳಿಯಿತು: ಎಲ್ಲಿಯವರೆಗೆ ಟಿಕ್ ಬಿದ್ದಿದೆ, ಯಾವುದು ರದ್ದಾಗಿದೆ, ಕೊನೆಗೆ ಉಳಿದದ್ದನ್ನು ಏರಿಸು.

ಅಂದಹಾಗೆ, ನಾನು ಸೇವ್ ಮಾಡದ ಹತ್ತು ಸಾಲು ಹೋಗೇ ಹೋಯಿತು. ಸಾಮಾನ್ಯವಾಗಿ ಜರ್ನಲ್ ಕಾಯುವುದು ಡಿಸ್ಕ್‌ನ ಲೆಕ್ಕಪತ್ರವನ್ನು, ಫೈಲಿನೊಳಗಿನ ಬರಹವನ್ನಲ್ಲ. ಸೇವ್ ಮಾಡಿದ್ದೂ ಕೆಲವೊಮ್ಮೆ ಕೊಂಚ ಹೊತ್ತು, ಕರೆಂಟು ಹೋದರೆ ಅಳಿಯುವ ರ‍್ಯಾಮ್‌ನಲ್ಲೇ ಕೂತಿರುತ್ತದೆ. ಈಗ ಗಾಳಿಯ ಸದ್ದು ಜೋರಾದರೆ ಕಂಟ್ರೋಲ್-ಎಸ್ ಒತ್ತಿ, ಟರ್ಮಿನಲ್‌ನಲ್ಲಿ ಹಾಗೆ ಕೂತದ್ದನ್ನು ಡಿಸ್ಕ್‌ಗೆ ಇಳಿಸುವ ‘ಸಿಂಕ್’ (sync) ಆಜ್ಞೆ ಬರೆದು ಎಂಟರ್ ಕೊಟ್ಟೇ ಕಾಫಿ ಕುಡಿಯಲು ಏಳುತ್ತೇನೆ.