ಜೋಳಕ್ಕೂ ಒಂದು ಉತಾರ

ನೂರು ಗ್ರಾಂ ಜೋಳದಲ್ಲಿ ನಾರಿನ ಅಂಶ ಎಷ್ಟು? ಭಾರತೀಯ ಆಹಾರಗಳ ಸತ್ವದ ಕೋಷ್ಟಕಗಳಿರುವ 1989ರ ಪುಸ್ತಕ ತೆರೆದರೆ 1.6 ಗ್ರಾಂ ಎಂದಿದೆ. 2017ರ ಪುಸ್ತಕದಲ್ಲಿ 10.22 ಗ್ರಾಂ. ಎರಡನ್ನೂ ಹೊರತಂದದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ. ನಡುವಿನ ಇಪ್ಪತ್ತೆಂಟು ವರ್ಷಗಳಲ್ಲಿ ಡೋಣಿ ನದಿ ಸಾಲಿನ ಜೋಳ ಆರು ಪಟ್ಟು ನಾರು ತುಂಬಿಕೊಂಡಿತೇ ಎಂದು ವಿಜಯಪುರದ ಯಾವ ರೈತನನ್ನು ಕೇಳಿದರೂ ನಕ್ಕು ಸುಮ್ಮನಾದಾನು. ಕಾಳು ಅದೇ, ಅಳತೆ ಬೇರೆ.

ಹಳೆಯ ಅಳತೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ, ದನದ ಮೇವು ಪರೀಕ್ಷಿಸಲು. ಹಿಟ್ಟನ್ನು ಮೊದಲು ಆಮ್ಲದಲ್ಲಿ ಕುದಿಸಿ, ಆಮೇಲೆ ಕ್ಷಾರದಲ್ಲಿ ಕುದಿಸಿ, ಇಷ್ಟಾದರೂ ಕರಗದೆ ಉಳಿದದ್ದನ್ನು ನಾರು ಎಂದು ಬರೆದುಕೊಳ್ಳುತ್ತಿದ್ದರು. ಅಷ್ಟು ಕುದಿತಕ್ಕೆ ನಾರಿನ ಬಹುಪಾಲೂ ಕರಗಿ ಹೋಗುತ್ತಿತ್ತು. ಹೊಸ ವಿಧಾನದಲ್ಲಿ ಕಿಣ್ವಗಳನ್ನು ಹಾಕಿ, ಮನುಷ್ಯನ ಕರುಳಿನಲ್ಲಿ ಆಗುವಂತೆಯೇ ಪಿಷ್ಟವನ್ನೂ ಪ್ರೋಟೀನನ್ನೂ ತೆಗೆದು, ಜೀರ್ಣವಾಗದೆ ಉಳಿದದ್ದನ್ನು ತೂಗುತ್ತಾರೆ.

ನಮ್ಮ ಕಡೆ ಹೊಲಕ್ಕೆ ಉತಾರ, ಅಂದರೆ ಪಹಣಿ, ಇರುತ್ತದೆ. ಹೊಲ ಇದ್ದಲ್ಲೇ ಇರುತ್ತದೆ, ಉತಾರ ಮಾತ್ರ ಬದಲಾಗುತ್ತಲೇ ಇರುತ್ತದೆ. ವಾಟ್ನಿ (ಪಾಲು) ಆದರೆ ಒಂದು ಗೆರೆ, ವಾರಸಾ (ವಾರಸುದಾರಿಕೆ) ಆದರೆ ಇನ್ನೊಂದು, ಬ್ಯಾಂಕಿನ ಬೋಜಾ (ಸಾಲದ ಹೊರೆ) ಬಿದ್ದರೆ ಮತ್ತೊಂದು. ಹತ್ತು ವರ್ಷ ತಿದ್ದದೆ ಬಿಟ್ಟ ಉತಾರ ಹಿಡಿದುಕೊಂಡು ಹೋದವನ ಪಾಡು ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಆಹಾರದ ಸತ್ವದ ಲೆಕ್ಕದ ಪುಸ್ತಕವೂ ಹೀಗೆಯೇ ತಿದ್ದುತ್ತ ಬರಬೇಕಾದ ದಾಖಲೆ. ನಾವು ಅದನ್ನು ಶಾಸನದಂತೆ ಓದುತ್ತೇವೆ.

ಈ ದಾಖಲೆ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1876-78ರ ಬರ ಮದರಾಸು ಮತ್ತು ಮುಂಬಯಿ ಪ್ರಾಂತಗಳನ್ನು ಹಿಂಡಿತು. ಇಂದಿನ ವಿಜಯಪುರ, ಬಾಗಲಕೋಟೆಗಳು ಆಗ ಕಲಾದಗಿ ಜಿಲ್ಲೆ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವವನಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ, ಧಾನ್ಯಕ್ಕೆ ಸಾಲುವಷ್ಟು ಕೂಲಿ, ಅದರ ಮೇಲೆ ಸ್ವಲ್ಪ ಚಿಲ್ಲರೆ ಸಾಕು ಎಂದವರು ಬರ ಪರಿಹಾರ ನೋಡಿಕೊಳ್ಳಲು ಬ್ರಿಟಿಷ್ ಸರ್ಕಾರ ಕಳಿಸಿದ್ದ ಸರ್ ರಿಚರ್ಡ್ ಟೆಂಪಲ್. ಸಾಲದು ಎಂದು ವಾದಕ್ಕೆ ನಿಂತವರು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್. ದುಡಿಯುವ ದೇಹಕ್ಕೆ ಎಷ್ಟು ಬೇಕು, ಆ ಒಂದು ಪೌಂಡಿನಲ್ಲಿ ಏನಿದೆ ಎಂಬುದಕ್ಕೆ ಎರಡೂ ಕಡೆಯವರು ಒಪ್ಪುವಂಥ ಲೆಕ್ಕ ಈ ದೇಶದಲ್ಲಿ ಆಗ ಇರಲಿಲ್ಲ. ಎ.ಎಚ್. ಚರ್ಚ್ ಎಂಬ ರಸಾಯನ ವಿಜ್ಞಾನಿ ಭಾರತದ ಧಾನ್ಯಗಳ ವಿಶ್ಲೇಷಣೆಯನ್ನು ಪುಸ್ತಕವಾಗಿ ಲಂಡನ್ನಿನಲ್ಲಿ ಪ್ರಕಟಿಸಿದ್ದು 1886ರಲ್ಲಿ, ಬರ ಮುಗಿದು ಎಂಟು ವರ್ಷಗಳ ಮೇಲೆ.

ಮುಂದಿನ ಅಧ್ಯಾಯ ನೀಲಗಿರಿಯ ಕೂನೂರಿನದು. ರಾಬರ್ಟ್ ಮೆಕ್‌ಕ್ಯಾರಿಸನ್ ಅಲ್ಲಿ 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಸಣ್ಣ ಪ್ರಯೋಗಾಲಯವೊಂದನ್ನು ಶುರುಮಾಡಿದರು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಬೇರು ಅದು. ಮೆಕ್‌ಕ್ಯಾರಿಸನ್ನರ ಹೆಸರು ಉಳಿದದ್ದು ಇಲಿಗಳಿಂದ. ಸಿಖ್ಖರ ಊಟ, ಪಠಾಣರ ಊಟ, ಮರಾಠರ ಊಟ, ಕನ್ನಡಿಗರ ಊಟ, ಬಂಗಾಳಿಗಳ ಊಟ, ಮದರಾಸಿಗಳ ಊಟ ಎಂದು ಬೇರೆ ಬೇರೆ ಪಂಗಡದ ಇಲಿಗಳಿಗೆ ಬೇರೆ ಬೇರೆ ಊಟ ಇಟ್ಟರು. ಹಾಲು, ತುಪ್ಪ, ಗೋಧಿ ತಿಂದ ಸಿಖ್ಖರ ಪಾಲಿನ ಇಲಿ ಎಲ್ಲಕ್ಕಿಂತ ದುಂಡಗಾಯಿತು. ಕನ್ನಡದ ಇಲಿ ಮರಾಠರ ಇಲಿಗಿಂತ ಕೆಳಗೆ, ಬಂಗಾಳ ಮತ್ತು ಮದರಾಸಿನ ಇಲಿಗಳಿಗಿಂತ ಮೇಲೆ ನಿಂತಿತು. ಬೆಳಗಾವಿಯ ಓಣಿಗಳಲ್ಲಿ ಬೆಳೆದವರಿಗೆ ಇದನ್ನು ಓದಿದರೆ ನಗು ಬರುತ್ತದೆ. ಒಂದೇ ಜೋಳದ ಹಿಟ್ಟು ಒಂದು ಮನೆಯಲ್ಲಿ ರೊಟ್ಟಿ, ಪಕ್ಕದ ಮನೆಯಲ್ಲಿ ಭಾಕರಿ. ಅಲ್ಲಿ ಮರಾಠರ ಊಟ ಮುಗಿದು ಕನ್ನಡಿಗರ ಊಟ ಎಲ್ಲಿ ಶುರುವಾಗುತ್ತದೆ ಎಂದು ಯಾವ ಇಲಿ ತಾನೇ ಹೇಳೀತು?

ಇಲಿಗಳಿಂದ ಅಂಕಿಗಳಿಗೆ ಹೊರಳಿದವರು ಮೆಕ್‌ಕ್ಯಾರಿಸನ್ನರ ನಂತರ 1935ರಲ್ಲಿ ಬಂದ ವ್ಯಾಲೇಸ್ ಆಯ್ಕ್ರಾಯ್ಡ್. ಭಾರತೀಯ ಆಹಾರಗಳ ಸತ್ವ ಮತ್ತು ಸಮರ್ಪಕ ಊಟದ ಯೋಜನೆಯನ್ನು ಕುರಿತು ಅವರು 1937ರಲ್ಲಿ ತಂದದ್ದು ಸರ್ಕಾರದ 23ನೆಯ ಆರೋಗ್ಯ ಪ್ರಕಟಣೆ, ಒಂದು ಕಿರುಹೊತ್ತಗೆ. ಹಾಸ್ಟೆಲ್, ಜೈಲು, ಆಸ್ಪತ್ರೆಗಳ ಅಡುಗೆ ನೋಡಿಕೊಳ್ಳುವವರ ಕೈಗೆ ಸಿಗಲಿ ಎಂಬುದು ಅದರ ಉದ್ದೇಶ. ಸಂಸ್ಥೆ 1958ರ ಹೊತ್ತಿಗೆ ಹೈದರಾಬಾದಿಗೆ ಬಂತು. 1971ರಲ್ಲಿ ಸಿ. ಗೋಪಾಲನ್, ರಾಮಶಾಸ್ತ್ರಿ ಮತ್ತು ಬಾಲಸುಬ್ರಮಣಿಯನ್ ಆ ಹೊತ್ತಗೆಯನ್ನು ಹೊಸದಾಗಿ ಕಟ್ಟಿದರು. ಆಹಾರ ವಿಜ್ಞಾನ ಓದಿದ ಎರಡು ತಲೆಮಾರಿನವರ ಕಪಾಟಿನಲ್ಲಿ ಇರುವುದು ಇದೇ ಪುಸ್ತಕ, ಇಲ್ಲವೇ ಇದರ 1989ರ ಪರಿಷ್ಕರಣೆ.

ಹೈದರಾಬಾದಿಗೆ ಬಂದದ್ದರಿಂದ ಜೋಳ ತಿನ್ನುವ ಸೀಮೆ ಸಂಸ್ಥೆಯ ಬಾಗಿಲಿಗೇ ಬಂದಂತಾಯಿತು. ಕುತ್ತಿಗೆ ಮತ್ತು ಕೈಗಳ ಚರ್ಮ ಕಪ್ಪಾಗಿ ಸಿಪ್ಪೆ ಏಳುವ ಪೆಲಗ್ರಾ ರೋಗ ಮುಸುಕಿನ ಜೋಳ ತಿನ್ನುವವರದು ಎಂದು ಜಗತ್ತು ನಂಬಿತ್ತು. ದಖನ್ನಿನಲ್ಲಿ ನಮ್ಮ ಜೋಳ ತಿನ್ನುವ ಬಡವರಲ್ಲೂ ಅದು ಕಾಣಿಸಿಕೊಂಡಿತು. ಆ ರೋಗ ತಡೆಯುವ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ ಜೋಳದಲ್ಲಿ ತೀರಾ ಕಡಿಮೆ ಏನಿಲ್ಲ. ಹಾಗಾದರೆ ಏಕೆ? ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಕೊಟ್ಟ ಉತ್ತರ, ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿದೆ ಎಂಬುದು. ಆ ವಾದವನ್ನು ಮುಂದೆ ಪ್ರಶ್ನಿಸಿದವರೂ ಇದ್ದಾರೆ. ಅದು ನಿಲ್ಲಲಿ, ಬೀಳಲಿ, ಜೋಳದ ಮುಂದೆ ‘ಪ್ರೋಟೀನ್ 10.4 ಗ್ರಾಂ’ ಎಂದು ಒಂದೇ ಅಂಕಿ ಬರೆದು ಕೈತೊಳೆದುಕೊಳ್ಳಲು ಆಗದು ಎಂಬುದನ್ನು ಅದು ತೋರಿಸಿಕೊಟ್ಟಿತು. ಅದರೊಳಗಿನ ಒಂದೊಂದು ಅಮೈನೋ ಆಮ್ಲಕ್ಕೂ ಕೋಷ್ಟಕದಲ್ಲಿ ಮನೆ ಬೇಕು.

ಇನ್ನು ಕಬ್ಬಿಣದ ಕಥೆ. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣ ನೂರು ಗ್ರಾಮಿಗೆ 10.9 ಮಿಲಿಗ್ರಾಂ ಎಂದು ಹಳೆಯ ಕೋಷ್ಟಕ ಹೇಳುತ್ತಿತ್ತು. 1989ರಲ್ಲಿ ಅದು 1.14ಕ್ಕೆ ಕುಸಿಯಿತು. 2017ರಲ್ಲಿ 2.95. ಮೆಂತ್ಯದ ಸೊಪ್ಪಿಗೆ 1989ರಲ್ಲಿ 1.93 ಇದ್ದದ್ದು 2017ರಲ್ಲಿ 5.69. ಗರ್ಭಿಣಿಗೆ ‘ಸೊಪ್ಪು ತಿನ್ನು, ರಕ್ತ ಆಗುತ್ತದೆ’ ಎಂದು ಹೇಳುವವರು ಯಾವ ವರ್ಷದ ಸೊಪ್ಪು ಎಂದೂ ಹೇಳಬೇಕಾಗಬಹುದು!

ಮಾಯೆಯೇನೂ ಇಲ್ಲ. ಚಳಿಗಾಲದಲ್ಲಿ ಸಂತೆಯಿಂದ ತಂದ ಮೆಂತ್ಯಪಲ್ಲೆಯ ಕಟ್ಟನ್ನು ಬಿಚ್ಚಿ ನೀರಿನಲ್ಲಿ ಅದ್ದಿ ನೋಡಿ. ಮೊದಲ ಪಾತ್ರೆಯ ನೀರು ಎರೆಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಎರಡನೆಯದರಲ್ಲಿ ತಳಕ್ಕೆ ಉಸುಕು ಕೂರುತ್ತದೆ. ಮೂರನೆಯದು ತಿಳಿ. ಹಸಿ ಮೆಂತ್ಯವನ್ನು ರೊಟ್ಟಿಯ ಜೊತೆ ಹಾಗೆಯೇ ತಿನ್ನುವ ನಮ್ಮ ಮನೆಗಳಲ್ಲಿ ಮೂರನೆಯ ನೀರು ಬರುವ ತನಕ ಬಿಡುವುದಿಲ್ಲ, ಏಕೆಂದರೆ ಹಲ್ಲಿಗೆ ಕರಕರ ಸಿಕ್ಕರೆ ಊಟವೇ ಕೆಟ್ಟಿತು. ಮಣ್ಣಿನಲ್ಲಿರುವ ಕಬ್ಬಿಣ ಸೊಪ್ಪಿನದಕ್ಕಿಂತ ನೂರಾರು ಪಟ್ಟು ಹೆಚ್ಚು. ಚಿಟಿಕೆ ಮಣ್ಣು ಎಲೆಯ ಮಡಿಕೆಯಲ್ಲಿ ಉಳಿದು ಪ್ರಯೋಗಾಲಯ ಸೇರಿದರೂ ಸಾಕು, ಲೆಕ್ಕ ಏರುತ್ತದೆ. ಆ ಕಬ್ಬಿಣ ದೇಹಕ್ಕೆ ಹೆಚ್ಚೇನೂ ದಕ್ಕುವುದಿಲ್ಲ. ಹೀಗಾಗಿ ಮಾದರಿಯನ್ನು ಎಷ್ಟು ಸಲ, ಎಂಥ ನೀರಿನಲ್ಲಿ ತೊಳೆದರು, ಯಾವ ಪಾತ್ರೆಯಲ್ಲಿ ಒಣಗಿಸಿದರು ಎಂಬ ವಿವರ ಅಂಕಿಯಷ್ಟೇ ಮುಖ್ಯ.

2017ರ ಪುಸ್ತಕ ಬಂದಾಗ ‘ನಮ್ಮ ಆಹಾರದ ಸತ್ವ ಕುಸಿದಿದೆ’ ಎಂಬ ಸುದ್ದಿಗಳು ಓಡಾಡಿದವು. ಹಳೆಯ ಅಂಕಿಯ ಪಕ್ಕ ಹೊಸ ಅಂಕಿ ಇಟ್ಟು ಕಳೆದರೆ ಸುದ್ದಿ ಸಿದ್ಧ. ಮಣ್ಣು ಬಡವಾಗಿರಬಹುದು, ತಳಿ ಬದಲಾಗಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇರೆ ಮಾದರಿ, ಬೇರೆ ವಿಧಾನ, ಬೇರೆ ಯಂತ್ರದಿಂದ ಬಂದ ಎರಡು ಅಂಕಿಗಳ ಕಳೆಯುವ ಲೆಕ್ಕದಿಂದ ಅದು ಸಾಬೀತಾಗುವುದಿಲ್ಲ. ಅದೇ ಲೆಕ್ಕ ಹಿಡಿದರೆ ಜೋಳದ ನಾರು ಆರು ಪಟ್ಟು ಏರಿದೆ ಎಂದು ಮೆರವಣಿಗೆಯನ್ನೂ ತೆಗೆಯಬೇಕಾಗುತ್ತದೆ.

ಆ ಪುಸ್ತಕ ನಿಜಕ್ಕೂ ದೊಡ್ಡ ಕೆಲಸ. ಸಂಸ್ಥೆಯ ವಿಜ್ಞಾನಿ ಲೋಂಗ್ವಾ ಮತ್ತು ಸಂಗಡಿಗರು ದೇಶವನ್ನು ಆರು ವಲಯಗಳಾಗಿ ಮಾಡಿ, ಮಾರುಕಟ್ಟೆಗಳಿಂದ ಮಾದರಿ ತರಿಸಿ, 528 ಆಹಾರಗಳಲ್ಲಿ 151 ಘಟಕಗಳನ್ನು ಅಳೆದರು. ಒಂಟಿ ಅಂಕಿಯ ಜೊತೆಗೆ ಎಷ್ಟು ವಲಯಗಳ ಮಾದರಿ, ಅಂಕಿ ಎಷ್ಟು ಹಿಂದೆ ಮುಂದೆ ಆಡುತ್ತದೆ ಎಂಬುದನ್ನೂ ಕೊಟ್ಟರು. ಶಕ್ತಿಯನ್ನು ಕ್ಯಾಲರಿಯಲ್ಲಿ ಹೇಳದೆ ಕಿಲೋಜೂಲಿನಲ್ಲಿ ಹೇಳಿ ಓದುಗರಿಗೆ 4.184ರಿಂದ ಭಾಗಿಸುವ ಕೆಲಸವನ್ನೂ ಹಚ್ಚಿದರು. ಆದರೆ ಕೋಷ್ಟಕ ಬಂದದ್ದು ಪುಸ್ತಕದ ಪುಟಗಳಾಗಿ. ಅದನ್ನು ಕಂಪ್ಯೂಟರ್ ಓದಬಲ್ಲ ಸಾಲುಗಳಾಗಿ ಮಾಡುವ ಕೆಲಸಕ್ಕೆ ಹೊರಗಿನ ಆಸಕ್ತರು ಕೈಹಾಕಬೇಕಾಯಿತು. ಅಮೆರಿಕದ ಕೃಷಿ ಇಲಾಖೆ ತನ್ನ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಅದಕ್ಕೇ ನಮ್ಮ ಮೊಬೈಲಿನ ಎಷ್ಟೋ ಆ್ಯಪ್‌ಗಳು ಇಲ್ಲಿಯ ಊಟಕ್ಕೆ ಅಲ್ಲಿಯ ಅಂಕಿ ಹಚ್ಚುತ್ತವೆ.

ಅಂಕಿ ಬದಲಾದರೆ ಯಾರಿಗೆ ಏನು ಎಂದು ಕೇಳುವವರಿಗೆ ಶಾಲೆಯ ಬಿಸಿಯೂಟದ ಲೆಕ್ಕ ತೋರಿಸಬಹುದು. ಐದನೆಯ ತರಗತಿಯವರೆಗಿನ ಮಗುವಿಗೆ ಒಂದು ಊಟದಲ್ಲಿ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು ಎಂಬುದು ನಿಯಮ. ಅದಕ್ಕೆ ಕೊಡುವುದು 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅಕ್ಕಿ, ತೊಗರಿಬೇಳೆ ಎಂದು ಹಿಡಿಯೋಣ. ಹಳೆಯ ಕೋಷ್ಟಕದಲ್ಲಿ ಅಕ್ಕಿಯ ಪ್ರೋಟೀನ್ 6.8, ಬೇಳೆಯದು 22.3. ತರಕಾರಿ ಬಿಟ್ಟು ಕೂಡಿಸಿದರೆ 11.3 ಗ್ರಾಂ, ನಿಯಮಕ್ಕೆ ಕೊಂಚ ಕಡಿಮೆ. ಹೊಸ ಕೋಷ್ಟಕದಲ್ಲಿ ಅಕ್ಕಿ 7.94, ಬೇಳೆ 21.7. ಈಗ 12.3, ತರಕಾರಿ ಹಾಕದೆಯೇ ಪಾಸು. ಅದೇ ಚೀಲ, ಅದೇ ಸೌಟು, ತಟ್ಟೆ ಹಿಡಿದು ನಿಂತ ಅದೇ ಹುಡುಗ. ಪಾಲಕರ ಸಭೆಯಲ್ಲಿ ಓದಿ ಹೇಳುವ ಹಾಳೆಯ ಮೇಲೆ ಮಾತ್ರ ಒಂದು ಗ್ರಾಂ ಹೆಚ್ಚಾಗಿದೆ.

ಪೊಟ್ಟಣದ ಮೇಲಿನ ಲೆಕ್ಕವೂ ಇಲ್ಲಿಂದಲೇ ಹೊರಡುತ್ತದೆ. ಅಮೀನಗಡದ್ದೋ ಗೋಕಾಕದ್ದೋ ಕರದಂಟಿನ ಡಬ್ಬಿ ತಿರುಗಿಸಿದರೆ ನೂರು ಗ್ರಾಮಿಗೆ ಇಷ್ಟು ಎಂಬ ಪಟ್ಟಿ ಇರುತ್ತದೆ. ಬೆಲ್ಲ, ಕೊಬ್ಬರಿ, ಒಣಹಣ್ಣುಗಳ ಲೆಕ್ಕ ಸಲೀಸು. ತೊಡಕು ಇರುವುದು ಹೆಸರಿನಲ್ಲೇ ಇರುವ ಅಂಟಿನಲ್ಲಿ. ನೀರು, ಪ್ರೋಟೀನ್, ಕೊಬ್ಬು, ಬೂದಿ ಕಳೆದು ಉಳಿದದ್ದೆಲ್ಲ ಕಾರ್ಬೋಹೈಡ್ರೇಟ್ ಎಂಬ ಹಳೆಯ ರೂಢಿಯಲ್ಲಿ ಅಂಟಿಗೆ ಗ್ರಾಮಿಗೆ 4 ಕ್ಯಾಲರಿ. ಅಂಟು ಬಹುಮಟ್ಟಿಗೆ ಕರಗುವ ನಾರು ಎಂದು ಒಪ್ಪಿದರೆ 2. ಬಾಣಂತಿಗೆ ಅಂಟಿನುಂಡೆ ಕಟ್ಟುವ ಅಜ್ಜಿಗೆ ಈ ಜಗಳದ ಹಂಗಿಲ್ಲ, ಡಬ್ಬಿಯ ಮೇಲೆ ಅಚ್ಚು ಹಾಕಿಸುವವನಿಗೆ ಇದೆ.

ಹೆಸರಿನ ಗೊಂದಲ ಬೇರೆ. ವಿಜಯಪುರದಲ್ಲಿ ಅಗಸಿ ಅಂದರೆ ಹಿಂಡಿ ಕುಟ್ಟುವ ಎಣ್ಣೆಕಾಳು. ಬೇರೆ ಸೀಮೆಯ ಕನ್ನಡದಲ್ಲಿ ಅಗಸೆ ಅಂದರೆ ಸೊಪ್ಪು, ಹೂವು ತಿನ್ನುವ ಮರ. ಹಳೆಯ ಊರುಗಳಲ್ಲಂತೂ ಅಗಸಿ ಊರಬಾಗಿಲು! ಸಮೀಕ್ಷೆಗೆ ಬಂದವರು ‘ಅಗಸಿ, ಎರಡು ಚಮಚ’ ಎಂದು ಬರೆದುಕೊಂಡು ಹೋದರೆ ಕೋಷ್ಟಕದ ಯಾವ ಸಾಲಿಗೆ ಜೋಡಿಸುವುದು? ಪುಂಡಿಪಲ್ಲೆ ಗಡಿ ದಾಟಿದರೆ ಮರಾಠಿಯ ಅಂಬಾಡಿ, ತೆಲುಗಿನ ಗೋಂಗೂರ. ಹಿಂಗಾರಿ ಜೋಳದ ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿಗೆ ಸಸ್ಯಶಾಸ್ತ್ರದ ಹೆಸರು ಹಚ್ಚದ ಹೊರತು ಅದು ಎಲ್ಲ ಲೆಕ್ಕದಲ್ಲೂ ‘ಇತರ ಸೊಪ್ಪು’.

ಜೋಳದಲ್ಲೂ ಯಾವ ಜೋಳ? ನಮ್ಮ ಹಿಂಗಾರಿ ಹೊಲಗಳ ರಾಜ ಮಾಲದಂಡಿ, ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ತೆಗೆದ ಎಂ 35-1. ಮುಂಗಾರಿಗೆ ಬಂದ ಸಂಕರ ತಳಿಗಳಲ್ಲಿ ಮೊದಲನೆಯದು 1964ರ ಸಿ.ಎಸ್.ಎಚ್. 1. ವಲಯಗಳ ಸರಾಸರಿಯಲ್ಲಿ ಇವೆಲ್ಲ ಒಂದೇ ಹಗೇವಿಗೆ ಸುರಿದಂತೆ. ಸಂಕ್ರಾಂತಿಯ ಹೊತ್ತಿಗೆ ಹೊಲದಲ್ಲಿ ತೆನೆ ಸುಟ್ಟು ಉಜ್ಜಿ ತಿನ್ನುವ ಸೀತನಿಗಂತೂ ಒಣ ಜೋಳದ ಅಂಕಿ ಹೊಂದುವುದೇ ಇಲ್ಲ. ಅದು ಹಸಿಗಾಳು, ಅದರ ತೂಕದಲ್ಲಿ ನೀರಿನ ಪಾಲು ದೊಡ್ಡದು.

ನೀರಿನ ಮಾತು ಬಂದದ್ದಕ್ಕೆ ರೊಟ್ಟಿಗೆ ಮರಳೋಣ. 2017ರ ಕೋಷ್ಟಕ ಮುಖ್ಯವಾಗಿ ಹಸಿ ಪದಾರ್ಥಗಳದು, ಬೇಯಿಸಿದ ಅಡುಗೆಯದಲ್ಲ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿ ಬಡಿದಿರಿ ಎನ್ನಿ. ಹಿಟ್ಟಿನಲ್ಲಿ ಸುಮಾರು 5 ಗ್ರಾಂ ಪ್ರೋಟೀನ್. ಎಸರು ಹಾಕಿ ನಾದಿ, ಹಂಚಿನಿಂದ ಇಳಿಸಿದಾಗ ಅದು 80 ಗ್ರಾಂ ತೂಗಿದರೆ ಬಿಸಿರೊಟ್ಟಿಯ ಪ್ರೋಟೀನ್ ನೂರು ಗ್ರಾಮಿಗೆ 6.25. ಅದನ್ನೇ ಒಲೆಯ ಬದಿಗೆ ನಿಲ್ಲಿಸಿ ಖಡಕ್ ಮಾಡಿದಾಗ 48 ಗ್ರಾಮಿಗೆ ಇಳಿದರೆ 10.4. ರೊಟ್ಟಿ ಒಂದೇ, ಹೊಟ್ಟೆಗೆ ಹೋಗುವುದೂ ಅಷ್ಟೇ. ಕೋಷ್ಟಕದಲ್ಲಿ ಮಾತ್ರ ಎರಡು ಸಾಲು ಬೇಕು, ಎರಡಕ್ಕೂ ತೇವಾಂಶ ಬರೆದಿರಬೇಕು.

ಆ ಎರಡು ಸಾಲುಗಳನ್ನು ತುಂಬಲು ಬೇಕಾದದ್ದು ಬಹಳ ಇಲ್ಲ. ವಿಜಯಪುರದ ಖಾನಾವಳಿಗಳಿಂದ, ಬಾಗಲಕೋಟೆಯಲ್ಲಿ ರೊಟ್ಟಿ ಬಡಿದು ಮಾರುವ ಮಹಿಳೆಯರಿಂದ, ಬೆಳಗಾವಿಯ ಮನೆಗಳಿಂದ ರೊಟ್ಟಿ ತಂದು, ತಂದ ಕೂಡಲೇ ತೂಗಿ, ಗಾಳಿಯಾಡದ ಚೀಲದಲ್ಲಿ ಕಟ್ಟಬೇಕು. ಚೀಲದ ಮೇಲೊಂದು ಚೀಟಿ: ಊರು, ತಿಂಗಳು, ಜೋಳದ ತಳಿ, ಯಾವ ಗಿರಣಿಯಲ್ಲಿ ಬೀಸಿದ್ದು, ಹಂಚು ಮಣ್ಣಿನದೋ ಕಬ್ಬಿಣದ್ದೋ, ಹಂಚಿನಿಂದ ಇಳಿದು ಎಷ್ಟು ಹೊತ್ತಾಯಿತು.