ಟೊಮೇಟೊಗೆ ಹಾಕಿದ ಗೊಬ್ಬರ ಅಡಿಕೆಗೆ ಸಿಗಲ್ಲ

ಚನ್ನಗಿರಿ, ಹೊಳಲ್ಕೆರೆ ಕಡೆ ಹೊಸದಾಗಿ ಅಡಿಕೆ ತೋಟ ಮಾಡಿದವರು ಕೇಳುವ ಪ್ರಶ್ನೆ ಒಂದೇ. "ಟೊಮೇಟೊಗೆ ಚೆನ್ನಾಗಿ ಗೊಬ್ಬರ ಕೊಟ್ಟಿದೀವಿ ಸಾರ್, ಅಡಿಕೆಗೂ ಅದ್ರಲ್ಲೇ ಸಿಗುತ್ತೆ ಅಲ್ವಾ?" ಸಿಗಲ್ಲ. ಒಂದು ಊರಲ್ಲಿ ಹೇಳಿ ಬಂದರೆ ಪಕ್ಕದ ಊರಲ್ಲಿ ಮತ್ತೆ ಅದೇ ಮಾತು. ನಿಜ ಹೇಳಬೇಕೆಂದರೆ ಬೇಜಾರಾಗುತ್ತದೆ.

ಎಳೆ ತೋಟದಲ್ಲಿ ತರಕಾರಿ ಬೇಡ ಅಂತ ನಾನು ಹೇಳುವುದಿಲ್ಲ. ಅಡಿಕೆ ಫಸಲು ಕೈಗೆ ಬರಲು ಐದಾರು ವರ್ಷ ಬೇಕು, ಅಲ್ಲಿವರೆಗೆ ಮನೆ ನಡೆಯಬೇಕಲ್ಲ. 9 ಅಡಿ ಅಂತರದಲ್ಲಿ ಸಸಿ ಇಟ್ಟಿದ್ದರೆ ಮೊದಲ ಎರಡು ಮೂರು ವರ್ಷ ನಡುವೆ ಬೇಕಾದಷ್ಟು ಬಿಸಿಲು ಬೀಳುತ್ತದೆ. ಬೀನ್ಸ್, ಸೌತೆ, ಮೆಣಸಿನಕಾಯಿ, ಏನು ಬೇಕಾದರೂ ಹಾಕಿ. ಆದರೆ ಗೊಬ್ಬರದ ಲೆಕ್ಕ ಬೇರೆ ಬೇರೆ ಇಡಿ.

ದೊಡ್ಡ ಅಡಿಕೆ ಮರದಲ್ಲೇ ಹೆಚ್ಚಿನ ಬೇರು ಬುಡದಿಂದ ಮೂರು ಅಡಿಯೊಳಗೆ ಇರುತ್ತದೆ. ಎರಡು ವರ್ಷದ ಸಸಿಯ ಬೇರು ಇನ್ನೂ ಹತ್ತಿರ. ನೀವು ಟೊಮೇಟೊ ಮಡಿ ಮಾಡುವುದು ಸಾಲಿನ ನಟ್ಟನಡುವೆ, ಅಂದರೆ ಬುಡದಿಂದ ನಾಲ್ಕು ಅಡಿ ಆಚೆ. ಅಲ್ಲಿ ಹಾಕಿದ್ದು ಸಸಿಗೆ ಮುಟ್ಟುವುದು ಹೇಗೆ? ಟೊಮೇಟೊನೋ, ನಾಲ್ಕು ತಿಂಗಳಲ್ಲಿ ಎಲ್ಲ ಮುಗಿಸಬೇಕಾದ ಬೆಳೆ, ಸಿಕ್ಕಿದ್ದನ್ನೆಲ್ಲ ಬೇಗ ಬೇಗ ಎಳೆದುಕೊಳ್ಳುತ್ತದೆ, ಕ್ರೇಟು ತುಂಬಿ ಮಂಡಿಗೆ ಹೋಗುವಾಗ ನಿಮ್ಮ ಪೊಟ್ಯಾಶ್ ಕೂಡ ಅದರ ಜೊತೆಗೇ ತೋಟ ಬಿಟ್ಟು ಹೋಗುತ್ತದೆ.

ಇದನ್ನು ಕೇಳಿದ ಕೆಲವರು ಮುಂದಿನ ಸಲ ಬದನೆಯನ್ನು ಅಡಿಕೆ ಬುಡಕ್ಕೇ ತಂದು ನೆಡುತ್ತಾರೆ. ಅದು ಇನ್ನೂ ಕೆಟ್ಟದ್ದು. ಕಳೆ ತೆಗೆಯುವಾಗ ಗುದ್ದಲಿ ಎಳೆ ಬೇರನ್ನು ಕಡಿಯುತ್ತದೆ. ಸಸಿ ಸುತ್ತ ಎರಡೂವರೆ, ಮೂರು ಅಡಿ ಖಾಲಿ ಬಿಡಿ. ಟಿಲ್ಲರ್ ಕೂಡ ಅದರೊಳಗೆ ಬರಬಾರದು.

ಹೊಳಲ್ಕೆರೆ ಹತ್ತಿರದ ಒಂದು ತೋಟದಲ್ಲಿ ಹಿರಿಯರೊಬ್ಬರು ಮರ ತೋರಿಸಿ "ಇದೇನ್ ರೋಗ ಸಾರ್" ಅಂದರು. ಕಾಂಡ ಬುಡದಲ್ಲಿ ದಪ್ಪಗಿತ್ತು, ಎದೆಮಟ್ಟದಲ್ಲಿ ಸಣ್ಣಗಾಗಿತ್ತು, ಮೇಲೆ ಮತ್ತೆ ದಪ್ಪ. ಸಣ್ಣಗಾದ ಕಡೆ ಗಂಟುಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು. "ಮರ ಈ ಎತ್ತರಕ್ಕೆ ಬಂದಾಗ ನಡುವೆ ಏನು ಬೆಳೆದಿದ್ರಿ ಯಜಮಾನ್ರೇ?" ಅಂತ ಕೇಳಿದೆ. ಟೊಮೇಟೊ, ಅದು ಮುಗಿದ ಕೂಡಲೇ ಇನ್ನೊಂದು ಟೊಮೇಟೊ. ಅಡಿಕೆಗೆ ಬೇರೆ ಗೊಬ್ಬರ ಕೊಟ್ಟಿರಲಿಲ್ಲ. ನೀರು ಕಡಿಮೆಯಾದರೂ ಕಾಂಡ ಹೀಗಾಗುತ್ತದೆ, ಹಾಗಾಗಿ ಗೊಬ್ಬರವೊಂದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಒಂದು ಮಾತು ಖಂಡಿತ. ಅಡಿಕೆ, ಮಾವು ಹಲಸಿನ ಹಾಗೆ ವರ್ಷ ವರ್ಷ ದಪ್ಪವಾಗುವ ಮರ ಅಲ್ಲ. ಹಸಿದಿದ್ದಾಗ ಸಣ್ಣಗೆ ಬೆಳೆದ ಕಾಂಡ ಆಮೇಲೆ ಎಷ್ಟು ಸುರಿದರೂ ತುಂಬಿಕೊಳ್ಳುವುದಿಲ್ಲ. ಅವರು ಆ ಜಾಗ ಸವರುತ್ತಾ ನಿಂತರು. ಮಕ್ಕಳಂತೆ ಸಾಕಿದ ಮರಗಳು. ನನಗೂ ಸಂಕಟವಾಯಿತು.

ಬೆಳೆದ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಬೇಕು. ಮೊದಲ ವರ್ಷ ಇದರ ಮೂರನೇ ಒಂದು ಪಾಲು, ಎರಡನೇ ವರ್ಷ ಮೂರನೇ ಎರಡು ಪಾಲು, ಮೂರನೇ ವರ್ಷದಿಂದ ಪೂರ್ತಿ. ಇದು ಚೀಲದಲ್ಲಿರುವ ಗೊಬ್ಬರದ ತೂಕ ಅಲ್ಲ, 100 ಗ್ರಾಂ ಸಾರಜನಕಕ್ಕೆ ಯೂರಿಯಾ ಸುಮಾರು 220 ಗ್ರಾಂ ಬೇಕಾಗುತ್ತದೆ. ಜೊತೆಗೆ ಕೊಟ್ಟಿಗೆ ಗೊಬ್ಬರ. ಮಣ್ಣು ಪರೀಕ್ಷೆ ಮಾಡಿಸಿದರೆ ಈ ಲೆಕ್ಕ ಹೆಚ್ಚು ಕಡಿಮೆ ಆಗಬಹುದು, ದಯವಿಟ್ಟು ಮಾಡಿಸಿ. ತರಕಾರಿಗೆ ಕೊಡುವುದು ಇದರ ಮೇಲೆ.

ಮುಂದೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಯೋಚನೆ ಇದ್ದರೆ ಟೊಮೇಟೊ, ಬದನೆ, ಬೆಂಡೆಯನ್ನು ಒಂದರ ಹಿಂದೊಂದು ಹಾಕಬೇಡಿ. ಬೇರುಗಂಟು ಹುಳು ಜಾಸ್ತಿಯಾಗುತ್ತದೆ, ಅದು ಮೆಣಸಿನ ಬಳ್ಳಿಗೂ ಬರುತ್ತದೆ. ಆ ಹುಳು ಕಡಿಮೆಯಾಗಲು ನಡುವೆ ಒಂದು ಸಲ ಚೆಂಡುಹೂ ಹಾಕಿ.

ಡ್ರಿಪ್‌ನಲ್ಲಿ ತರಕಾರಿಗೂ ಅಡಿಕೆಗೂ ಬೇರೆ ಬೇರೆ ವಾಲ್ವ್ ಇರಲಿ. ಒಂದೇ ವಾಲ್ವ್ ಇದ್ದರೆ ಟೊಮೇಟೊ ಕಿತ್ತ ಮೇಲೆ ಅದನ್ನು ಬಂದ್ ಮಾಡಿ ಮನೆಗೆ ಹೋಗುವವರು ಬಹಳ ಜನ, ಅಡಿಕೆಗೂ ನೀರು ನಿಲ್ಲುತ್ತದೆ, ಅದೂ ಮಾರ್ಚ್ ಏಪ್ರಿಲ್ ಬಿಸಿಲಲ್ಲಿ.